ಟಾರ್ಟ್ (ಸಿವಿಲ್ ತಪ್ಪುಗಳ ಕಾನೂನು) ಪರೀಕ್ಷೆ: ನಿರ್ಲಕ್ಷ್ಯದ ಪ್ರಶ್ನೆಯಲ್ಲಿ ಅಂಕ ಎಲ್ಲಿದೆ?

ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ನೆಲ ಒರೆಸಿದ ಹುಡುಗ ಎಚ್ಚರಿಕೆಯ ಬೋರ್ಡು ಇಡಲಿಲ್ಲ. ಊಟಕ್ಕೆ ಬಂದ ಗಿರಾಕಿ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಹೀಗೊಂದು ಪ್ರಶ್ನೆ ಕಂಡದ್ದೇ ತಡ, ಬಾಟಲಿಯ ಬಸವನಹುಳುವಿನ ಕಥೆಗೆ ಒಂದು ಪುಟ ಖಾಲಿ ಮಾಡುವವರೇ ಹೆಚ್ಚು.

ಆ ಬಸವನಹುಳುವಿನ ಪ್ರಕರಣಕ್ಕೆ, ಅಂದರೆ 1932ರ ಡೊನೊಹ್ಯೂ ವಿರುದ್ಧ ಸ್ಟೀವನ್‌ಸನ್‌ಗೆ, ಎರಡು ಸಾಲು ಸಾಕು. ನಮ್ಮ ಕೆಲಸದಿಂದ ಯಾರಿಗೆ ಪೆಟ್ಟಾದೀತೆಂದು ಮುಂಚೆಯೇ ಊಹಿಸಬಹುದೋ ಅವರು ನಮ್ಮ 'ನೆರೆಯವರು'. ಅವರ ವಿಷಯದಲ್ಲಿ ಎಚ್ಚರ ಕರ್ತವ್ಯ. ಗಿರಾಕಿ ನೆರೆಯವನೇ, ತಕರಾರಿಲ್ಲ. ಹುಡುಗನ ತಪ್ಪಿಗೆ ಮಾಲೀಕ ಹೊಣೆ ಎಂದು ಬರೆದು ಮುಂದೆ ಹೋಗಿ.

ಕೈ ನಿಲ್ಲಿಸಬೇಕಾದದ್ದು ಕರ್ತವ್ಯಲೋಪದಲ್ಲಿ. 'ಹೋಟೆಲಿನವರು ಅಜಾಗರೂಕರು' ಎಂದರೆ ಅದು ಬರೀ ಆರೋಪ. ವಿವೇಕಿ ಮಾಲೀಕ ಏನು ಮಾಡುತ್ತಿದ್ದ ಎಂಬುದನ್ನು ಪ್ರಶ್ನೆಯ ಸಂಗತಿಗಳಿಂದಲೇ ತೆಗೆಯಿರಿ: ಊಟದ ಹೊತ್ತಿನ ನೂಕುನುಗ್ಗಲು, ನುಣುಪು ಟೈಲ್ಸು, ಎಷ್ಟು ಹೊತ್ತಿನಿಂದ ಒದ್ದೆ, ಒಂದು ಬೋರ್ಡಿಗೆ ತಗಲುವ ಅಲ್ಪ ಖರ್ಚು. ಅಪಾಯ ದೊಡ್ಡದು, ತಪ್ಪಿಸುವುದು ಅಗ್ಗ. ವಾದ ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ.

ಪ್ರತಿವಾದಿ ವೈದ್ಯರಾದರೆ ಅಳತೆಗೋಲು ಆ ವೃತ್ತಿಯದು. ಪುಣೆಯದೇ ಪ್ರಕರಣ ಇದೆ, ಜೋಶಿ ವಿರುದ್ಧ ಗೋಡ್ಬೋಲೆ. ತೊಡೆಮೂಳೆ ಮುರಿದಿದ್ದ ಯುವಕನಿಗೆ ಸರಿಯಾದ ಅರಿವಳಿಕೆ ಕೊಡದೆ, ಬಲವಾಗಿ ಎಳೆದು ಮೂಳೆ ಕೂಡಿಸಿದ್ದರಿಂದ ಅವನು ತೀರಿಕೊಂಡ. ಸುಪ್ರೀಂ ಕೋರ್ಟು 1968ರಲ್ಲಿ ವೈದ್ಯರ ಕರ್ತವ್ಯವನ್ನು ಮೂರಾಗಿ ಬಿಡಿಸಿತು: ರೋಗಿಯನ್ನು ಒಪ್ಪಿಕೊಳ್ಳಬೇಕೋ ಬೇಡವೋ, ಯಾವ ಚಿಕಿತ್ಸೆ, ಅದನ್ನು ಕೊಡುವ ಬಗೆ. ಉತ್ತರದಲ್ಲಿ ಈ ಮೂರರಲ್ಲಿ ಯಾವುದು ತಪ್ಪಿತೆಂದು ಬೆರಳಿಟ್ಟು ತೋರಿಸಿ.

ಆಮೇಲೆ ಕಾರಣಸಂಬಂಧ: ಲೋಪ ಇಲ್ಲದಿದ್ದರೂ ಹಾನಿ ಆಗುತ್ತಿತ್ತೇ? ಆಗುತ್ತಿತ್ತೆಂದಾದರೆ ದಾವೆ ಬಿದ್ದಂತೆ. ಬಾರ್ನೆಟ್ ಪ್ರಕರಣದಲ್ಲಿ ವೈದ್ಯ ರೋಗಿಯನ್ನು ನೋಡಲೇ ಇಲ್ಲ. ನೋಡಿದ್ದರೂ ಆರ್ಸೆನಿಕ್ ವಿಷದಿಂದ ಬದುಕುತ್ತಿರಲಿಲ್ಲವೆಂದು ಪರಿಹಾರ ಸಿಗಲಿಲ್ಲ. ಊಹಿಸಬಹುದಾದ ಬಗೆಯ ಹಾನಿಯೇ ಎಂಬುದಕ್ಕೆ 1961ರ ವ್ಯಾಗನ್ ಮೌಂಡ್ ಪ್ರಕರಣ ಉದಾಹರಿಸಿ. ಗಿರಾಕಿ ಮೊಬೈಲ್ ನೋಡುತ್ತಾ ನಡೆದಿದ್ದರೆ ಪರಿಹಾರ ಅವನ ತಪ್ಪಿನ ಪಾಲಿನಷ್ಟು ಇಳಿಯುತ್ತದೆ, ದಾವೆ ಸಾಯುವುದಿಲ್ಲ.

ಮುಂಬೈಯವರಿಗೆ ಒಂದು ಬೋನು: ಪಾಸ್ ಇದ್ದ ಪ್ರಯಾಣಿಕ ಲೋಕಲ್‌ನಿಂದ ಅಕಸ್ಮಾತ್ ಬಿದ್ದ ಪ್ರಶ್ನೆ. ಅಲ್ಲಿ 1989ರ ರೈಲ್ವೆ ಕಾಯ್ದೆಯ 124ಎ ಕಲಂ ಪ್ರಕಾರ ರೈಲ್ವೆಯ ತಪ್ಪು ಸಾಬೀತು ಮಾಡಬೇಕಿಲ್ಲ. ಆತ್ಮಹತ್ಯೆ, ಅಮಲು, ತಾನೇ ಮಾಡಿಕೊಂಡ ಗಾಯದಂಥ ವಿನಾಯಿತಿಗಳಿಗೆ ಬೀಳುತ್ತದೆಯೇ ಎಂದಷ್ಟೇ ನೋಡಿ.