ಜಂಬಿಟ್ಟಿಗೆ ಕ್ವಾರಿಯಲ್ಲಿ ಮರುಭೂಮಿಯ ಊರು

ಸೇಡಿನ ಕಥೆಯ ಕಿರುಚಿತ್ರಕ್ಕೆ ಮರುಭೂಮಿಯ ಊರು ಬೇಕಿತ್ತು. ಸಾಗರದ ಕಡೆ ಕಲ್ಲು ತೆಗೆದು ಬಿಟ್ಟಿದ್ದ ಜಂಬಿಟ್ಟಿಗೆ ಕ್ವಾರಿಯಲ್ಲೇ ಕಟ್ಟಿದೆವು. 1960ರ ದಶಕದಲ್ಲಿ ಇಟಲಿಯವರು ತಮ್ಮ ವೆಸ್ಟರ್ನ್ ಚಿತ್ರಗಳಿಗೆ ಅಮೆರಿಕದ ಊರುಗಳನ್ನು ಸ್ಪೇನಿನ ತಬೆರ್ನಾಸ್‌ನಲ್ಲಿ ಕಟ್ಟಿಕೊಂಡರು. ಅದು ಮೊದಲೇ ಒಣ ನೆಲ. ಮಲೆನಾಡಿನಲ್ಲಿ ಹಸಿರನ್ನು ಫ್ರೇಮಿನಿಂದ ಹೊರಗಿಡುವುದೇ ಮುಕ್ಕಾಲು ಕೆಲಸ.

ಕ್ಯಾಮೆರಾವನ್ನು ಹಳ್ಳದೊಳಗೇ ಇಟ್ಟು, ಕ್ವಾರಿಯ ಮೇಲಂಚಿನೊಳಗೇ ಫ್ರೇಮ್ ಮುಗಿಸಿ. ಆಕಾಶ ಬೇಕಾದರೆ ಗುಡ್ಡ ಬೋಳಾಗಿರುವ ದಿಕ್ಕಿಗೆ ಮಾತ್ರ ತಿರುಗಿಸಿ. ಅಲ್ಲಲ್ಲಿ ಉಳಿಯುವ ಪೊದೆಗಳಿಗೆ ಒಣಗಿದ ಅಡಿಕೆ ಸೋಗೆ ಹೊದಿಸಿದೆವು. ಫೋಕಸ್‌ನಲ್ಲಿ ಇಲ್ಲದಿದ್ದರೆ ಒಣ ಮುಳ್ಳುಗಿಡದಂತೆಯೇ ಕಾಣುತ್ತದೆ. ಶೂಟಿಂಗ್ ಮುಗಿದ ಮೇಲೆ ಬಣ್ಣ ತಿದ್ದುವ ಕಲರ್ ಗ್ರೇಡಿಂಗ್‌ನಲ್ಲಿ ಹಸಿರನ್ನು ಹಳದಿ ಮಾಡಬಹುದು ಎಂದು ಬಿಟ್ಟುಬಿಡಬೇಡಿ. ಎಲೆಯ ಬಣ್ಣ ಹೋಗುತ್ತದೆ, ಆದರೆ ಎಲೆಯಿಂದ ನಟನ ಕೆನ್ನೆಗೆ ಬಿದ್ದ ಹಸಿರು ಛಾಯೆ ಹಾಗೇ ಉಳಿಯುತ್ತದೆ.

ಜಂಬಿಟ್ಟಿಗೆ ಕೆಂಪು, ಜೈಸಲ್ಮೇರಿನಂಥ ಊರು ಹಳದಿ. ಹಾಗಾಗಿ ಪ್ಲೈವುಡ್ ಗೋಡೆಗಳಿಗೆ ಸುಣ್ಣದ ನೀರಿಗೆ ಹಳದಿ ಆಕ್ಸೈಡ್, ಸ್ವಲ್ಪ ಫೆವಿಕಾಲ್ ಕಲಸಿ ಹಚ್ಚಿದೆವು. ಹಸಿಯಿರುವಾಗಲೇ ಜರಡಿ ಹಿಡಿದ ಮಣ್ಣು ಎರಚಬೇಕು, ಒಣಗಿದ ಮೇಲೆ ಹಿಡಿಯುವುದಿಲ್ಲ. ಕ್ವಾರಿ ಗೋಡೆಯಲ್ಲಿ ಯಂತ್ರ ಕೊಯ್ದ ನೇರ ಗೆರೆಗಳಿದ್ದರೆ ಅದರ ಮೇಲೂ ಕೆಸರು ಬಳಿಯಿರಿ. ಆ ಗೆರೆ ಒಂದೇ ಒಂದು ಶಾಟಿನಲ್ಲಿ ಕಂಡರೂ ಊರು ಹೋಗಿ ಕ್ವಾರಿಯಾಗುತ್ತದೆ.

ಧೂಳಿಗೆ ಮುಲ್ತಾನಿ ಮಿಟ್ಟಿ, ದಿನಕ್ಕೆ ಹತ್ತು ಕಿಲೋ. ಸಿಮೆಂಟು ಬೇಡವೇ ಬೇಡ, ಕಣ್ಣು ಶ್ವಾಸಕೋಶ ಎರಡಕ್ಕೂ ಕುತ್ತು. ನಮ್ಮ ಹವೆಯ ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ. ಟಾರ್ಪಾಲಿನ ಮೇಲೆ ಬಿಸಿಲಿಗೆ ಹರಡಿ, ಬಟ್ಟೆಯಲ್ಲಿ ಸೋಸಿ, ಮುಚ್ಚಳ ಬಿಗಿಯಾದ ಡಬ್ಬಿಗೆ ತುಂಬಿ. ಹಾರಿಸಲು ತೋಟದ ಬ್ಲೋವರ್ ಸಾಕು. ಗಿಡಗಳಿಗೆ ಔಷಧಿ ಹೊಡೆದಿದ್ದ ಅದರ ಟ್ಯಾಂಕಿಗೆ ಮಾತ್ರ ಪುಡಿ ಹಾಕಬೇಡಿ, ಉಳಿದ ಔಷಧಿ ನಟರ ಕಣ್ಣಿಗೆ ಹೋದೀತು. ಬರೀ ಗಾಳಿ ಬಿಟ್ಟು, ಪೈಪಿನ ಬಾಯಿಯ ಮುಂದೆ ಹಿಡಿಹಿಡಿಯಾಗಿ ಸುರಿಯಬೇಕು. ಕ್ಯಾಮೆರಾ ಹಿಂದಿರುವ ಎಲ್ಲರಿಗೂ ಎನ್95 ಮಾಸ್ಕ್ ಕಡ್ಡಾಯ.

ಸೇಡಿನ ಚಿತ್ರದಲ್ಲಿ ಕಣ್ಣು ಕಾಣಬೇಕು. ಏಪ್ರಿಲ್ ಕೊನೆಯ ವಾರ ಶಿವಮೊಗ್ಗದಲ್ಲಿ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ, ಕಣ್ಣಿನ ಗುಳಿ ಕಪ್ಪಾಗುತ್ತದೆ. ಎದೆಯ ಕೆಳಗಿನಿಂದ ಬಿಳಿ ಥರ್ಮಾಕೋಲ್ ಹಿಡಿದರೂ ಅರ್ಧವೇ ಸರಿಹೋಗುವುದು. ಫೆಬ್ರವರಿ ಕೊನೆ, ಮಾರ್ಚ್ ಒಳ್ಳೆಯದು. ಬೆಳಿಗ್ಗೆ ಇಬ್ಬನಿಗೆ ನೆಲ ಕಪ್ಪಾಗಿರುತ್ತದೆ, ಆದ್ದರಿಂದ ವೈಡ್ ಶಾಟುಗಳೆಲ್ಲ ಸಂಜೆ ನಾಲ್ಕೂವರೆಯ ನಂತರ. ಹಗಲಿನಲ್ಲಿ ಐಎಸ್ಒ 800, ಶಟರ್ 1/50, ಎಫ್ 5.6 ಇಟ್ಟುಕೊಂಡರೆ ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಏಳು ಸ್ಟಾಪಿನದು ಬೇಕಾಗುತ್ತದೆ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ). ಹೊಡೆದಾಟಕ್ಕೆ ಶಟರ್ 1/200. ಹಾರುವ ಜಲ್ಲಿಯ ಒಂದೊಂದು ಚೂರೂ ಬಿಡಿಯಾಗಿ ಕಾಣುತ್ತದೆ.

ರಕ್ತಕ್ಕೆ ಒಂದು ಕಿಲೋ ಸಕ್ಕರೆ, ಅರ್ಧ ಲೀಟರ್ ನೀರು. ಕುದಿಯುವಾಗ ನಾಲ್ಕು ಹನಿ ನಿಂಬೆರಸ ಬೀಳಬೇಕು, ಇಲ್ಲವಾದರೆ ಪಾಕ ಹರಳುಗಟ್ಟುತ್ತದೆ. ಆರಿದ ಮೇಲೆ ತಿನ್ನುವ ಕೆಂಪು ಬಣ್ಣ, ಒಂದು ಚಮಚ ಕೋಕೋ ಪುಡಿ. ಕೋಕೋ ಇಲ್ಲದಿದ್ದರೆ ಶರಬತ್ತಿನಂತೆ ಬೆಳಕು ಹಾಯುತ್ತದೆ. ಇಷ್ಟು ಮಾಡಿ ನೆಲಕ್ಕೆ ಸುರಿದಾಗ ಏನೂ ಕಾಣಲಿಲ್ಲ: ಕೆಂಪು ಮಣ್ಣು ರಕ್ತವನ್ನು ನುಂಗಿಬಿಡುತ್ತದೆ. ರಕ್ತ ಬೀಳಬೇಕಾದದ್ದು ಹಳದಿ ಗೋಡೆಯ ಮೇಲೆ, ಇಲ್ಲವೇ ಮಾಸಿದ ಬಿಳಿ ಅಂಗಿಯ ಮೇಲೆ. ಜೇನ್ನೊಣ ಬರುತ್ತವೆ, ಟೇಕ್ ಮುಗಿದ ತಕ್ಷಣ ತೊಳೆಯಿರಿ.

ಬೀಳುವ ಜಾಗಕ್ಕೆ ಎರಡಡಿ ಒಣಹುಲ್ಲು, ಮೇಲೆ ಹಾಸಿಗೆ, ಅದರ ಮೇಲೆ ಮಣ್ಣುಬಣ್ಣದ ಬಟ್ಟೆ. ಒಂದು ಸಲ ಬಿದ್ದರೆ ಹುಲ್ಲು ಅದುಮಿಹೋಗುತ್ತದೆ. ಪ್ರತಿ ಟೇಕಿಗೂ ಕೊಡವಿ ಏರಿಸಬೇಕು. ಜಂಬಿಟ್ಟಿಗೆ ಜಲ್ಲಿ ಚರ್ಮ ಕೊಯ್ಯುತ್ತದೆ, ಮೊಣಕಾಲು ಮೊಣಕೈಗೆ ಪ್ಯಾಡ್ ಇಲ್ಲದೆ ಯಾರನ್ನೂ ಉರುಳಿಸಬೇಡಿ. ಆಟಿಕೆ ಬಂದೂಕು ಇದ್ದರೂ ಪೊಲೀಸ್ ಠಾಣೆಗೆ ಮೊದಲೇ ತಿಳಿಸಿ.

ಸೆಟ್ಟಿನ ಮಾತು ಉಪಯೋಗಕ್ಕೆ ಬರುವುದಿಲ್ಲ, ಜೀರುಂಡೆ ಎಲ್ಲದರ ಮೇಲೂ ಕೂಗುತ್ತದೆ. ಪೂರ್ತಿ ಡಬ್ಬಿಂಗ್ ಅಂದುಕೊಂಡೇ ಹೊರಡಿ. ವಾಪಸು ಬರುವಾಗ ಎರಡು ಚೀಲ ಮಣ್ಣು, ಒಂದು ಚೀಲ ಜಲ್ಲಿ ತುಂಬಿಕೊಳ್ಳಿ. ಮಳೆ ಹಿಡಿಯಿತೆಂದರೆ ಕ್ವಾರಿಯಲ್ಲಿ ನೀರು ನಿಂತು, ಗೋಡೆಗೆ ಪಾಚಿ ಹತ್ತುತ್ತದೆ. ಬಿಟ್ಟುಹೋದ ಬೂಟಿನ, ಬಿದ್ದ ಗುಂಡಿನ ಕ್ಲೋಸಪ್‌ಗಳನ್ನು ಆಗ ಅಡಿಕೆ ಒಣಗಿಸುವ ಶೆಡ್ಡಿನಲ್ಲೇ, ಆ ಮಣ್ಣು ಹರಡಿ ತೆಗೆಯಬೇಕಾಗುತ್ತದೆ.