ಈ ವಾರ ಹೊಳವು ಯಾವತ್ತು?

ತೀರ್ಥಹಳ್ಳಿಯಲ್ಲಿ ಜುಲೈ ತಿಂಗಳಲ್ಲಿ ಮಳೆ ಬರುತ್ತದೆ ಎಂದು ಹೇಳಲು ಯಾರೂ ಬೇಕಿಲ್ಲ. ಅಡಿಕೆ ಬೆಳೆಗಾರರಿಗೆ ಬೇಕಿರುವುದು ಹೊಳವು. ಮಳೆ ನಿಂತು, ಕೊನೆ ಅಂದರೆ ಅಡಿಕೆ ಗೊಂಚಲು ಒಣಗಿ, ಹೊಡೆದ ಔಷಧಿ ಕಾಯಿಗೆ ಹಿಡಿಯುವಷ್ಟು ಹೊತ್ತು. ಪ್ರತಿ ಶುಕ್ರವಾರ ಸಂಜೆ ಅಕ್ಕಪಕ್ಕದ ಮನೆಗಳಿಗೆ ನಾನು ವಾರದ ಹವಾಮಾನ ಬರೆದು ಕಳಿಸುವುದು ಇದಕ್ಕಾಗಿಯೇ.

ಶುರುವಾಗಿದ್ದು ಒಂದು ನಷ್ಟದಿಂದ. ಮೊಬೈಲ್‌ನಲ್ಲಿ ಎರಡು ದಿನ ಬಿಸಿಲಿನ ಚಿತ್ರ ಕಂಡಿತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರನ್ನು ಕರೆಸಿದೆ. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಡ್ರಮ್ಮುಗಟ್ಟಲೆ ಬೋರ್ಡೋ ದ್ರಾವಣ ಹೊಡೆಸಿದೆವು. ಮಧ್ಯಾಹ್ನ ಮೂರಕ್ಕೆ ಆಗುಂಬೆ ಕಡೆ ಕಪ್ಪಾಯಿತು. ಎಲ್ಲಾ ತೊಳೆದುಹೋಯಿತು. ಆ ವರ್ಷ ಕೊಳೆರೋಗ ಬಂದು ಉದುರಿದ ಹಸಿರು ಕಾಯಿ ಗುಡಿಸುವಾಗ ಆದ ಸಂಕಟ ಇನ್ನೂ ಮರೆತಿಲ್ಲ.

ಆಮೇಲೆ ಒಂದು ಮಳೆಮಾಪಕ ತಂದೆ. ಮರ, ಮಾಡು ಅಡ್ಡ ಬಾರದ ಜಾಗದಲ್ಲಿ ಇಟ್ಟಿದ್ದೇನೆ. ದಿನಾ ಬೆಳಿಗ್ಗೆ 8.30ಕ್ಕೆ ಅಳೆಯುತ್ತೇನೆ. ಹವಾಮಾನ ಇಲಾಖೆ ದಿನದ ಮಳೆ ಲೆಕ್ಕ ಹಾಕುವುದೂ ಅದೇ ಹೊತ್ತಿಗೆ. ಹೊತ್ತು ತಪ್ಪಿದರೆ ಅವರ ಅಂಕಿಗೂ ನಮ್ಮ ಅಂಕಿಗೂ ತಾಳೆಯಾಗುವುದಿಲ್ಲ.

ಮುನ್ಸೂಚನೆ ಓದುವಾಗ ನನಗೆ ಮೊದಲು ತೊಡಕಾದದ್ದು ಜಿಲ್ಲೆಯ ಲೆಕ್ಕ. ಶಿವಮೊಗ್ಗ ಜಿಲ್ಲೆಗೆ ಆರೆಂಜ್ ಅಲರ್ಟ್ ಅಂದರೆ ಅದರಲ್ಲಿ ಘಟ್ಟದ ಅಂಚಿನ ಆಗುಂಬೆಯೂ ಬಂತು, ಬಯಲು ಕಡೆಯ ಶಿಕಾರಿಪುರವೂ ಬಂತು. ನಾವು ನಡುವೆ. ಹಾಗಾಗಿ ಬಣ್ಣಕ್ಕಿಂತ ಗಾಳಿಯನ್ನು ಜಾಸ್ತಿ ನೋಡುತ್ತೇನೆ. ಒಡಿಶಾ ಹತ್ತಿರ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮಗೇನು ಅನಿಸಬಹುದು. ಆದರೆ ಅದು ಅರಬ್ಬಿ ಸಮುದ್ರದ ಪಡುಗಾಳಿಗೆ ಬಲ ಕೊಡುತ್ತದೆ. ಗಾಳಿ ಘಟ್ಟ ಹತ್ತುತ್ತಾ ತಣಿದು ನಮ್ಮ ಮೇಲೆ ಸುರಿಯುತ್ತದೆ. ಕರಾವಳಿಯ ಉದ್ದಕ್ಕೂ ಕಡಿಮೆ ಒತ್ತಡದ ಪಟ್ಟಿಯೂ ಇದ್ದರೆ ಆ ವಾರ ಹೊಳವಿನ ಆಸೆ ಬಿಡುತ್ತೇನೆ. ಉತ್ತರ ಭಾರತದ ಮೇಲಿರುವ ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ ಹಿಮಾಲಯದ ಬುಡಕ್ಕೆ ಸರಿದಾಗ ಇಲ್ಲಿ ಪಡುಗಾಳಿ ಸಡಿಲವಾಗುತ್ತದೆ. ಹೊಳವು ಸಿಗುವುದು ಹೆಚ್ಚಾಗಿ ಆಗಲೇ.

ಮಂಗಳವಾರ, ಶುಕ್ರವಾರ ಬರುವ ಕೃಷಿ ಹವಾಮಾನ ವರದಿ ಓದುತ್ತೇನೆ. ಅನುಮಾನ ಬಂದರೆ ರಾಜ್ಯದ ಹವಾಮಾನ ಸಹಾಯವಾಣಿ ವರುಣಮಿತ್ರಕ್ಕೆ ಫೋನ್ ಮಾಡುತ್ತೇನೆ. ಎಲ್ಲಾ ನೋಡಿದ ಮೇಲೂ ಮೊದಲ ಮೂರು ದಿನಕ್ಕೆ ಮಾತ್ರ ಬೆಳಿಗ್ಗೆ, ಮಧ್ಯಾಹ್ನ ಅಂತ ಬಿಡಿಸಿ ಬರೆಯುತ್ತೇನೆ. ಐದನೇ ದಿನ ದಾಟಿದರೆ "ಮಳೆ ಏರುತ್ತದೆ" ಅಥವಾ "ಇಳಿಯುತ್ತದೆ" ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಿದರೆ ಸುಮ್ನೆ ಜನರ ದುಡ್ಡು, ದುಡಿಮೆ ಹಾಳು.

ಮಳೆ ನಕ್ಷತ್ರದ ಹೆಸರನ್ನೂ ಬರೆಯುತ್ತೇನೆ. ಹಿರಿಯರ ನೆನಪು ತಾರೀಖಿನಲ್ಲಿಲ್ಲ, ಆರಿದ್ರ, ಪುನರ್ವಸು, ಪುಷ್ಯದಲ್ಲಿದೆ ಅಲ್ವಾ? "ಪುಷ್ಯದಲ್ಲಿ ರಾಮಮಂಟಪ ಮುಳುಗಿತ್ತು" ಅಂತ ಹೊಳೆಯಲ್ಲಿರುವ ಮಂಟಪದ ಬಗ್ಗೆ ಅವರು ಹೇಳಿದರೆ ತುಂಗೆಯ ನೀರು ಎಲ್ಲಿಗೆ ಬಂದಿತ್ತು ಎಂದು ನನಗೆ ತಟ್ಟನೆ ತಿಳಿಯುತ್ತದೆ.

ಪುಸ್ತಕದಲ್ಲಿ ಎಡಕ್ಕೆ ನಾನು ಹೇಳಿದ್ದು, ಬಲಕ್ಕೆ ಅಳತೆಗೆ ಸಿಕ್ಕಿದ್ದು. ತಪ್ಪಿದ ದಿನಕ್ಕೆ ಕೆಂಪು ಗೆರೆ. ಗೆರೆಗಳೆಲ್ಲ ಹೆಚ್ಚಾಗಿ ಮಧ್ಯಾಹ್ನದ ಮೇಲೇ ಬಿದ್ದಿವೆ. ಅದನ್ನು ಕಂಡ ಮೇಲೆ, ಹೊಳವು ಅಂದ ದಿನವೂ ಔಷಧಿ ಕೆಲಸ ಹನ್ನೊಂದರೊಳಗೆ ಮುಗಿಸಿ ಎಂದು ಸೇರಿಸಿ ಬರೆಯುತ್ತಿದ್ದೇನೆ.

ಮೊನ್ನೆ ಪಕ್ಕದ ತೋಟದ ಚಿಕ್ಕಪ್ಪ ಬೇಲಿ ಹತ್ತಿರ ನಿಂತು ಕೇಳಿದರು, "ಬುಧವಾರಕ್ಕೆ ಕೊನೆಗಾರರಿಗೆ ಹೇಳ್ಲೇನೋ?"

"ಹೇಳಿಡಿ ಚಿಕ್ಕಪ್ಪ. ಸುಣ್ಣ ಮಾತ್ರ ಕಲಸಬೇಡಿ. ಮಂಗಳವಾರ ರಾತ್ರಿ ಇನ್ನೊಂದ್ಸಲ ನೋಡಿ ಹೇಳ್ತೀನಿ" ಅಂದೆ.