ಹೆರಿಗೆ ನೋವು ಎಸ್ಕಾರ್ಟ್‌ಗೆ ಕಾಯೋದಿಲ್ಲ

ನಾನು ಅರೆಕಾನೂನು ಸ್ವಯಂಸೇವಕಿ, ಅಂದರೆ ವಕೀಲೆಯಲ್ಲದಿದ್ದರೂ ಜನರಿಗೆ ಕಾನೂನು ನೆರವು ಸಿಗುವಂತೆ ಓಡಾಡುವವಳು. ವಾರಕ್ಕೊಮ್ಮೆ ಒಂದು ಜಿಲ್ಲಾ ಜೈಲಿನ ಮಹಿಳಾ ವಿಭಾಗಕ್ಕೆ ಹೋಗುತ್ತೇನೆ. ಗರ್ಭಿಣಿಯರಿಗೆ ನಾಲ್ಕು ಧೈರ್ಯದ ಮಾತು ಹೇಳುವುದೇ ನನ್ನ ಕೆಲಸ ಅಂದುಕೊಂಡಿದ್ದೆ. ಆದರೆ ಮೊದಲು ಸಿಕ್ಕ ಏಳು ತಿಂಗಳ ಗರ್ಭಿಣಿಗೆ ತಪಾಸಣೆ ಎರಡು ಸಲ ತಪ್ಪಿಹೋಗಿತ್ತು. ಕಾರಣ ಕೇಳಿದರೆ, ಪೊಲೀಸರೆಲ್ಲ ಬಂದೋಬಸ್ತ್‌ಗೆ ಹೋಗಿದ್ದಾರೆ, ಆಸ್ಪತ್ರೆಗೆ ಕರೆದೊಯ್ಯಲು ಎಸ್ಕಾರ್ಟ್, ಅಂದರೆ ಪೊಲೀಸ್ ಕಾವಲು ಇಲ್ಲ. ಅಷ್ಟೇ.

ಅವತ್ತಿನಿಂದ ನಾನು ಬೆನ್ನು ಹತ್ತಿದ್ದು ತಾರೀಖುಗಳನ್ನು. ಬಂಧನವಾದ ಗಡಿಬಿಡಿಯಲ್ಲಿ ತಪಾಸಣೆಯ ವಿವರವಿರುವ ತಾಯಿ ಕಾರ್ಡ್ ಯಾರು ತರುತ್ತಾರೆ? ಮನೆಯ ಬೀರುವಿನಲ್ಲೇ ಉಳಿದಿರುತ್ತದೆ. ಮನೆಯವರೋ ಫೋನ್ ಎತ್ತುವುದಿಲ್ಲ. ಹಾಗಾಗಿ ಅವಳ ಒಪ್ಪಿಗೆ ಪಡೆದು ಅವಳ ಊರಿನ ಆಶಾ ಕಾರ್ಯಕರ್ತೆಗೇ ಫೋನ್ ಮಾಡುತ್ತೇನೆ. ಕೊನೆಯ ಮುಟ್ಟಿನ ಮೊದಲ ದಿನ, ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿತ್ತು, ಧನುರ್ವಾಯು ತಡೆಯುವ ಚುಚ್ಚುಮದ್ದು ಆಗಿದೆಯಾ, ಎಲ್ಲ ಅವರ ಪುಸ್ತಕದಲ್ಲಿರುತ್ತದೆ. ಅದನ್ನಿಟ್ಟುಕೊಂಡು ಮುಂದಿನ ತಪಾಸಣೆಗಳ ಪಟ್ಟಿ ಮಾಡಿ, ಹತ್ತು ದಿನ ಮೊದಲೇ ಎಸ್ಕಾರ್ಟ್ ಕೇಳುವಂತೆ ಜೈಲಿನ ಅಧೀಕ್ಷಕರಿಗೆ ಪತ್ರ ಕೊಡುತ್ತೇನೆ. ಬಾಯಿಮಾತಿನಲ್ಲಿ ಹೇಳಿದರೆ ಮರೆತುಹೋಗುತ್ತದೆ. ಕಾಗದವಿದ್ದರೆ ಯಾರಾದರೂ ಉತ್ತರ ಕೊಡಲೇಬೇಕು, ಅಲ್ವಾ? ಸ್ಕ್ಯಾನಿಂಗ್ ವರದಿಯ ಪ್ರತಿ ವಕೀಲರಿಗೂ ಹೋಗುತ್ತದೆ, ಜಾಮೀನು ಅರ್ಜಿಗೆ ಬೇಕು. ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಸಿಗಲು ಆದಾಯದ ಮಿತಿಯಿಲ್ಲ. ಅದೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಬಾಣಂತನದ ಕಷ್ಟ ಬೇರೆ. ಬ್ಯಾರಕ್‌ನ ಹಿರಿಯಮ್ಮ ಒಬ್ಬರು ಬಾಣಂತಿ ಹುಡುಗಿಗೆ ಅಕ್ಕರೆಯಿಂದ ಎಣ್ಣೆ ಹಚ್ಚಿ ಬಿಸಿನೀರು ಹಾಕುತ್ತಿದ್ದರು. ಆದರೆ ಕುಡಿಯಲು ನೀರು ಕೊಡಲು ಬಿಡುತ್ತಿರಲಿಲ್ಲ. "ಅಕ್ಕಾ, ಗಂಟಲು ಒಣಗ್ತಿದೆ" ಅಂದಳು ಹುಡುಗಿ. ನಾನು ವಾದಕ್ಕೆ ಇಳಿಯಲಿಲ್ಲ. ನರ್ಸ್ ಹತ್ತಿರ ಹೇಳಿಸಿ, ಜೀರಿಗೆ ಹಾಕಿ ಕುದಿಸಿದ ನೀರು ಅಂತ ಒಪ್ಪಿಸಿದೆ. ಸಬ್ಬಸಿಗೆ ಸೊಪ್ಪಿನ ಸಾರಿಗೆ ಮಾತ್ರ ಹಿರಿಯಮ್ಮ, ನರ್ಸ್ ಇಬ್ಬರದೂ ಒಂದೇ ಮಾತು.

ಮಗು ಜೈಲಿನಲ್ಲೇ ಹುಟ್ಟಿದರೂ ಜನನ ಪತ್ರದಲ್ಲಿ ಹುಟ್ಟಿದ ಸ್ಥಳ ಅಂತ ಜೈಲಿನ ಹೆಸರು ಬರಬಾರದು ಎಂದು 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇವಳ ಹೆರಿಗೆ ಆಗಿದ್ದು ಆಸ್ಪತ್ರೆಯಲ್ಲಿ. ಆದರೂ ಅರ್ಜಿಯಲ್ಲಿ ತಾಯಿಯ ವಿಳಾಸ ಅಂತ ಯಾರೋ ಜೈಲನ್ನೇ ಬರೆದಿದ್ದರು. ಅಲ್ಲೇ ನಿಂತು ಊರಿನ ವಿಳಾಸ ಹಾಕಿಸಿದೆ.

ಮೊನ್ನೆ ಅದೇ ಆಶಾ ಕಾರ್ಯಕರ್ತೆ ತಾವಾಗಿಯೇ ಫೋನ್ ಮಾಡಿ, "ಮಗೂಗೆ ಒಂದೂವರೆ ತಿಂಗಳ ಲಸಿಕೆ ಯಾವಾಗ ಹಾಕಿಸ್ತೀರಿ?" ಅಂದರು. ತಾರೀಖು ಬರೆದಿಟ್ಟ ನನ್ನ ಪುಸ್ತಕ ತೆಗೆದು ನೋಡಿದೆ. ಅವತ್ತೇ ತಾಯಿಯ ಕೋರ್ಟ್ ತಾರೀಖು. ಇನ್ನೊಂದು ಪತ್ರ ಬರೆಯಬೇಕು.